ಅಡಿಕೆ ಅಂಗಡಿಯ ಕರಿಹಲಗೆ: ಕಾಸರಗೋಡಿನಲ್ಲಿ ಕುಳಿತು ಓದುಗರನ್ನು ಗಳಿಸುವ ಬಗೆ

ಬದಿಯಡ್ಕ ಪೇಟೆಯ ಅಡಿಕೆ ಅಂಗಡಿಯೊಂದರ ಮುಂದೆ ಒಂದು ಕರಿಹಲಗೆ ಇದೆ. ಬಾಗಿಲು ತೆರೆದ ಕೂಡಲೇ ಅಂಗಡಿಯವರು ತಕ್ಕಡಿ ಒರೆಸುವುದಕ್ಕೂ ಮೊದಲು ಸೀಮೆಸುಣ್ಣ ಹಿಡಿಯುತ್ತಾರೆ. ಹೊಸ ಅಡಿಕೆಗೆ ದರ ಇಷ್ಟು, ಹಳೆಯದಕ್ಕೆ ಇಷ್ಟು, ಕೆಳದರ್ಜೆಯ ಪಟೋರಕ್ಕೆ ಇಷ್ಟು, ಕೋಕಕ್ಕೆ ಇಷ್ಟು. ಮಾರಲು ಬಂದವರು ಮಾತ್ರವಲ್ಲದೆ ಬಸ್ಸಿಗೆ ಕಾಯುವವರೂ ಪಕ್ಕದ ಅಂಗಡಿಗೆ ಅಡಿಕೆ ಹಾಕುವವರೂ ಆ ಹಲಗೆಯತ್ತ ಒಮ್ಮೆ ಕಣ್ಣು ಹಾಯಿಸಿಯೇ ಮುಂದೆ ಹೋಗುತ್ತಾರೆ. ಮುಂದೊಂದು ದಿನ ಮನೆಯಲ್ಲಿ ಅಡಿಕೆ ಸುಲಿದು ಚೀಲ ಕಟ್ಟಿದಾಗ ಎಲ್ಲಿಗೆ ಒಯ್ಯುವುದು ಎಂಬ ಮಾತು ಬಂದರೆ ಮೊದಲು ನೆನಪಾಗುವುದು ಅದೇ ಹಲಗೆ.

ಅಂತರಜಾಲದಲ್ಲಿ ಓದುಗರನ್ನು ಸಂಪಾದಿಸುವುದು ಹೇಗೆ ಎಂಬುದರ ಬಗ್ಗೆ ನಾನು ಓದಿದ್ದು ಬೇಕಾದಷ್ಟು. ಕಲಿತದ್ದು ಆ ಹಲಗೆಯಿಂದ. ನನ್ನದು ಸಣ್ಣ ವ್ಯವಹಾರ: ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಪುನರ್ಪುಳಿ (ಕೋಕಂ) ಶರಬತ್ತು, ವರ್ಷವಿಡೀ ಶನಿವಾರ ಬೆಳಿಗ್ಗೆ ತೋಟದ ಕೆಲಸಗಳ ಬಗ್ಗೆ ಒಂದು ಇಮೇಲ್ ಪತ್ರ. ನ್ಯೂಸ್‌ಲೆಟರ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಮೊದಲ ಎರಡು ವರ್ಷ ಎಲ್ಲವನ್ನೂ ಹಿಂದುಮುಂದಾಗಿ ಮಾಡಿದೆ. ಮೊದಲು ಸರಕು ಮಾಡಿದೆ, ಆಮೇಲೆ ಗಿರಾಕಿಗಳನ್ನು ಹುಡುಕಿದೆ, ಕೊನೆಗೆ ಅವರಿಗೆ ಬೇಕಾದದ್ದೇನು ಎಂದು ಕೇಳಿದೆ. ಈಗ ಹೊಸದಾಗಿ ಉದ್ಯಮಕ್ಕೆ ಇಳಿಯುವವರು ಕೇಳಿದರೆ ಈ ಕ್ರಮವನ್ನು ತಿರುಗಿಸಿ ಹೇಳುತ್ತೇನೆ.

ಮೊದಲ ಹೆಜ್ಜೆ: ಯಾರಿಗೆ ಬರೆಯುತ್ತೀರಿ?

“ಕಾಸರಗೋಡಿನ ಕನ್ನಡಿಗರಿಗಾಗಿ” ಎಂದು ನಾನು ಹೊರಟಿದ್ದೆ. ಅಂಥ ಒಬ್ಬ ಓದುಗ ಎಲ್ಲಿಯೂ ಸಿಗಲಿಲ್ಲ. ಪೆರ್ಲದ ಗುಡ್ಡದ ಬದಿಯಲ್ಲಿ, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರಿನಿಂದ ತೋಟವನ್ನು ಉಳಿಸಿಕೊಂಡವರು ಒಬ್ಬರು. ಮಂಜೇಶ್ವರದಲ್ಲಿ ಪದವಿ ಮುಗಿಸಿ ಕೇರಳ ಲೋಕಸೇವಾ ಆಯೋಗದ (ಪಿಎಸ್‌ಸಿ) ಪರೀಕ್ಷೆಗೆ ಓದುತ್ತಿರುವವಳು ಇನ್ನೊಬ್ಬಳು. ದುಬೈಯಲ್ಲಿ ಲೆಕ್ಕ ಬರೆಯುತ್ತ, ಊರಿನಲ್ಲಿ ಮಳೆ ಹಿಡಿಯಿತೇ ಎಂದು ದಿನಕ್ಕೆ ಎರಡು ಸಲ ಮೊಬೈಲ್ ನೋಡುವವನು ಮತ್ತೊಬ್ಬ. ಈ ಮೂವರಿಗೂ ಕನ್ನಡ ಒಂದೇ, ಬೇಕಾದ ವಿಷಯ ಮಾತ್ರ ಬೇರೆ ಬೇರೆ.

ಗಡಿಯಲ್ಲಿರುವವರಿಗೆ ಒಂದು ಅನುಕೂಲವಿದೆ. ಅದನ್ನು ನಾವೇ ಗಮನಿಸುವುದಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ಮನೆಮಾತು ಒಂದು ಕಡೆ, ಕಚೇರಿಯ ಭಾಷೆ ಇನ್ನೊಂದು ಕಡೆ. ಸರಕಾರಿ ಪ್ರಕಟಣೆ ಬಹುಮಟ್ಟಿಗೆ ಮಲಯಾಳದಲ್ಲಿ ಬರುತ್ತದೆ, ಅಡಿಕೆಯ ದರ ಮಂಗಳೂರಿನಿಂದ ಬರುತ್ತದೆ, ನೆಂಟರು ಪುತ್ತೂರಿನಲ್ಲಿದ್ದಾರೆ. ನಡುವೆ ಸುದ್ದಿ ದಾಟಿಸುವವರು ಕಡಿಮೆ. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಪಿಎಸ್‌ಸಿ ಕೆಲವು ಹುದ್ದೆಗಳನ್ನು ಕರೆಯುತ್ತದೆ. ಅರ್ಜಿ ಹಾಕಿದರೆ ಸಾಲದು. ಪರೀಕ್ಷೆ ಬರೆಯುತ್ತೇನೆಂದು ಗೊತ್ತುಪಡಿಸಿದ ದಿನಗಳೊಳಗೆ ತನ್ನ ಪ್ರೊಫೈಲ್‌ನಲ್ಲಿ ಖಚಿತಪಡಿಸಬೇಕು. ಅದನ್ನು ಮರೆತವರಿಗೆ ಹಾಲ್ ಟಿಕೆಟ್ ಇಲ್ಲ. ಈ ಒಂದು ದಿನಾಂಕವನ್ನು ಪ್ರತಿ ಸಲ ಕನ್ನಡದಲ್ಲಿ ತಪ್ಪದೆ ನೆನಪಿಸುವ ಪತ್ರವೊಂದಿದ್ದರೆ ಅದಕ್ಕೆ ಜಾಹೀರಾತೇ ಬೇಡ. ನಾನು ಅದನ್ನು ಮಾಡಲಿಲ್ಲ, ನನಗೆ ತಿಳಿದದ್ದು ತೋಟ ಮಾತ್ರ. ಬೇಕಾದವರು ಎತ್ತಿಕೊಳ್ಳಬಹುದು.

ಒಂದು ಕಾಗದದಲ್ಲಿ ಹೀಗೆ ಬರೆದುಕೊಳ್ಳಿ: “ಇದು ಇಂಥವರಿಗೆ, ಇಂಥ ದಿನ, ಇಂಥ ವಿಷಯ ತಿಳಿಸುವ ಪತ್ರ.” ನನ್ನದು “ಎರಡು ಮೂರು ಎಕರೆ ಅಡಿಕೆ ತೋಟ ಇರುವವರಿಗೆ, ಶನಿವಾರ, ಮುಂದಿನ ಹದಿನೈದು ದಿನಗಳಲ್ಲಿ ಮಾಡಬೇಕಾದ ಒಂದು ಕೆಲಸ” ಎಂದಿದೆ. ಈ ವಾಕ್ಯವನ್ನು ನೆರೆಮನೆಯವರ ಮುಂದೆ ಓದಿ. ಅವರು “ಒಳ್ಳೆಯದು, ಮಾಡಿ” ಎಂದರೆ ವಾಕ್ಯ ಸರಿಯಾಗಿಲ್ಲ. “ನನಗೂ ಕಳುಹಿಸಿ ಮಾರಾಯರೇ” ಎಂದರೆ ಸರಿಯಾಗಿದೆ.

ಭಾಷೆಯ ಬಗ್ಗೆ ಒಂದು ಎಚ್ಚರಿಕೆ. ಬೆಂಗಳೂರಿನ ಪತ್ರಿಕೆ ಓದಿ ಬರೆಯಲು ಕಲಿತ ನಾವು ಪಹಣಿ, ರೈತ ಸಂಪರ್ಕ ಕೇಂದ್ರ ಎಂದೆಲ್ಲ ಬರೆದುಬಿಡುತ್ತೇವೆ. ಇಲ್ಲಿ ಜನ ಹೋಗುವುದು ಕೃಷಿಭವನಕ್ಕೆ, ವಿಲ್ಲೇಜ್ ಆಫೀಸಿಗೆ. ಕೈಯಲ್ಲಿ ಹಿಡಿಯುವುದು ತೀರ್ವೆ ರಶೀದಿ. ಅವರ ಬಾಯಿಯಲ್ಲಿರುವ ಹೆಸರನ್ನೇ ಬರೆಯಿರಿ. ತಪ್ಪು ಹೆಸರು ಕಂಡ ಕೂಡಲೇ ಓದುಗನಿಗೆ ಇದು ದೂರದವರು ಬರೆದದ್ದು ಎನ್ನಿಸುತ್ತದೆ.

ಎರಡನೆಯ ಹೆಜ್ಜೆ: ಮೊದಲ ನೂರು ಹೆಸರು ಕೈಯಾರೆ

ಜಾಹೀರಾತಿಗೆ ದುಡ್ಡು ಹಾಕಬೇಡಿ, ಈಗಲೇ ಬೇಡ. ಮೊದಲ ನೂರು ಮಂದಿಯನ್ನು ಒಬ್ಬೊಬ್ಬರಾಗಿ ಕೇಳಿ ಸೇರಿಸಿ. ಮದುವೆಯ ಊಟದ ಸಾಲಿನಲ್ಲಿ, ತಾಳಮದ್ದಳೆಯ ನಡುವಿನ ಚಹಾದ ಹೊತ್ತಿನಲ್ಲಿ, ಸೊಸೈಟಿಯ ಜಗಲಿಯಲ್ಲಿ ನಾನು ಕೇಳಿದ್ದೇನೆ. ಅಕ್ಷಯ ಕೇಂದ್ರಗಳನ್ನು ಮರೆಯಬೇಡಿ: ಅರ್ಜಿ ತುಂಬಲು ಬಂದು ಸರದಿಗೆ ಕಾಯುವವರಿಗೆ ಬೇರೆ ಕೆಲಸವಿಲ್ಲ, ಕೈಯಲ್ಲಿ ಮೊಬೈಲ್ ಇದೆ. ಅಲ್ಲಿನವರ ಒಪ್ಪಿಗೆ ಪಡೆದು ಗೋಡೆಗೆ ಕ್ಯೂಆರ್ ಚೀಟಿ ಅಂಟಿಸಿದರೆ ದೊಡ್ಡ ಫ್ಲೆಕ್ಸ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹೆಸರು ಬರೆದುಕೊಳ್ಳುವ ಪುಸ್ತಕದಲ್ಲಿ ಇನ್ನೊಂದು ಸಾಲು ಇರಲಿ: ಅವರು ಕೇಳಿದ ಪ್ರಶ್ನೆ. “ಎಳೆಯ ಕಾಯಿ ಉದುರುವುದಕ್ಕೆ ಏನು ಮಾಡುವುದು?”, “ಮೋಹಿತ್‌ನಗರ ತಳಿಯ ಅಡಿಕೆ ಗಿಡ ಎಲ್ಲಿ ಸಿಗುತ್ತದೆ?”. ನೂರು ಹೆಸರಾಗುವಾಗ ನಿಮ್ಮಲ್ಲಿ ಆರು ತಿಂಗಳಿಗೆ ಸಾಲುವಷ್ಟು ವಿಷಯ ಇರುತ್ತದೆ. ಇನ್ನು ಏನು ಬರೆಯುವುದು ಎಂದು ಕುಳಿತು ಯೋಚಿಸುವ ಗೋಜಿಲ್ಲ.

ವಾಟ್ಸ್ಆ್ಯಪ್ ಗುಂಪುಗಳಿಂದ ನಂಬರ್‌ಗಳನ್ನು ಹೆಕ್ಕಿ ಪಟ್ಟಿ ಮಾಡುವ ಆಸೆ ಬರುತ್ತದೆ. ಮಾಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಒಪ್ಪಿಗೆ: ಯಾವ ಕೆಲಸಕ್ಕೆಂದು ತಿಳಿಸಿ ಕೇಳಬೇಕು, ಬೇಡವೆಂದಾಗ ಬಿಟ್ಟುಕೊಡಬೇಕು. ಕಾನೂನು ಹಾಗಿರಲಿ, ಸಣ್ಣ ಊರಿನಲ್ಲಿ ಕೇಳದೆ ಕಳುಹಿಸಿದ ಪತ್ರದ ಸುದ್ದಿ ನಿಮ್ಮ ಪತ್ರಕ್ಕಿಂತ ಬೇಗ ಹರಡುತ್ತದೆ.

ಮೂರನೆಯ ಹೆಜ್ಜೆ: ಪಟ್ಟಿ ಯಾರ ಕೈಯಲ್ಲಿದೆ?

ನನ್ನ ಮೊದಲ ಎರಡು ವರ್ಷ ಹೋದದ್ದು ಒಂದು ಸಾಮಾಜಿಕ ಜಾಲತಾಣದ ಪುಟದಲ್ಲಿ. ಮೆಚ್ಚುಗೆಗಳ ಎಣಿಕೆ ನೋಡಿ ಹಿಗ್ಗುತ್ತಿದ್ದೆ. ಒಂದು ಬೆಳಿಗ್ಗೆ ಖಾತೆಗೆ ಬೀಗ ಬಿತ್ತು. ಕಾರಣ ಇಂದಿಗೂ ಗೊತ್ತಿಲ್ಲ. ಬೀಗ ತೆರೆಯಲು ಹನ್ನೊಂದು ದಿನ ಹಿಡಿಯಿತು, ಹಲಸು ಅಷ್ಟು ದಿನ ಹಣ್ಣಾಗದೆ ಕಾಯುವುದಿಲ್ಲ. ಅಷ್ಟು ಜನರಲ್ಲಿ ಒಬ್ಬರ ವಿಳಾಸವೂ ನನ್ನಲ್ಲಿರಲಿಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಲಕ್ಷಾಂತರ ಹಿಂಬಾಲಕರಿದ್ದವರೂ ಇದನ್ನೇ ಅನುಭವಿಸಿದರು: ಜನ ಎಲ್ಲಿಗೂ ಹೋಗಿರಲಿಲ್ಲ, ಅವರನ್ನು ಕರೆಯುವ ದಾರಿ ಮಾತ್ರ ಮುಚ್ಚಿತ್ತು.

ಹಾಗಾದರೆ ವಾಟ್ಸ್ಆ್ಯಪ್? ಅದರ ಮಿತಿಗಳನ್ನು ತಿಳಿದು ಬಳಸಿ. ಗುಂಪಿನಲ್ಲಿ 1024 ಮಂದಿ ಇರಬಹುದು, ಆದರೆ ಎರಡನೆಯ ವಾರಕ್ಕೇ ಶುಭೋದಯದ ಚಿತ್ರಗಳ ನಡುವೆ ನಿಮ್ಮ ಮಾತು ಹೂತುಹೋಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಗೆ ಜಾಗ. ಅದರಲ್ಲೂ ನಿಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. 2023ರಲ್ಲಿ ಬಂದ ಚಾನೆಲ್‌ಗೆ ಎಷ್ಟು ಜನ ಬೇಕಾದರೂ ಸೇರಬಹುದು, ಆದರೆ ಹಿಂಬಾಲಕರ ನಂಬರ್ ನಿಮಗೆ ಸಿಗುವುದಿಲ್ಲ. ನೀವು ಮಾತಾಡಬಹುದು, ಪಟ್ಟಿ ವಾಟ್ಸ್ಆ್ಯಪ್‌ನದು.

ಇಮೇಲ್ ಪಟ್ಟಿಯನ್ನು ಕಡತವಾಗಿ ಇಳಿಸಿಕೊಂಡು ಒಂದು ಸೇವೆಯಿಂದ ಇನ್ನೊಂದಕ್ಕೆ ಒಯ್ಯಬಹುದು. ಅದರ ಬೆಲೆ ಇರುವುದು ಅಲ್ಲಿಯೇ. ತೊಂದರೆ ಎಂದರೆ ನಮ್ಮ ಊರಿನಲ್ಲಿ ಇಮೇಲ್ ತೆರೆಯುವ ಅಭ್ಯಾಸ ಕಡಿಮೆ. ಮೊಬೈಲ್ ಕೊಂಡಾಗ ಅಂಗಡಿಯ ಹುಡುಗ ಮಾಡಿಕೊಟ್ಟ ಜಿಮೇಲ್ ವಿಳಾಸ ಹಲವರಿಗೆ ನೆನಪಿರುವುದೇ ಇಲ್ಲ. ಹಾಗಾಗಿ ನಾನು ಎರಡು ದಾರಿ ಇಟ್ಟುಕೊಂಡಿದ್ದೇನೆ: ಚಾನೆಲ್‌ನಲ್ಲಿ ನಾಲ್ಕು ಸಾಲು, ಪೂರ್ತಿ ಪತ್ರ ಇಮೇಲ್‌ನಲ್ಲಿ. ವಿಳಾಸ ಕೊಡುವವರಿಗೆ ಅವರ ಮೊಬೈಲಿನಲ್ಲೇ ಜಿಮೇಲ್ ತೆರೆದು, ಬಂದ ಮೊದಲ ಪತ್ರವನ್ನು ತೋರಿಸಿ, “ಬಂತು” ಎಂದು ಉತ್ತರ ಬರೆಯಿಸುತ್ತೇನೆ. ಐದು ನಿಮಿಷದ ಕೆಲಸ. ಒಮ್ಮೆ ಉತ್ತರ ಬರೆದವರ ಪೆಟ್ಟಿಗೆಯಲ್ಲಿ ನಮ್ಮ ಪತ್ರ ಸ್ಪ್ಯಾಮ್‌ಗೆ ಬೀಳುವುದು ಅಪರೂಪ.

ನಾಲ್ಕನೆಯ ಹೆಜ್ಜೆ: ಆ ವಾರಕ್ಕೆ ಬೇಕಾದ ಪತ್ರ

ನನ್ನ ಪತ್ರ ನಿಜವಾಗಿ ಊರು ದಾಟಿದ್ದು ಒಂದು ಮೇ ತಿಂಗಳ ಕೊನೆಯಲ್ಲಿ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿಯಲ್ಲಿ ಎಲ್ಲರೂ ಇದ್ದರು. ನಾನು ಬೋರ್ಡೋ ದ್ರಾವಣದ ಬಗ್ಗೆ ಬರೆದೆ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರ್ ನೀರಿನಲ್ಲಿ, ಪಾತ್ರೆ ಲೋಹದ್ದಾಗಬಾರದು, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು, ಹೊಳೆಯುವ ಚಾಕುವಿನ ಅಲಗನ್ನು ಅದ್ದಿ ನೋಡಿದಾಗ ಕೆಂಪಾಗಿ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ, ಕಲಸಿದ ದಿನವೇ ಮುಗಿಸಬೇಕು, ಎರಡನೆಯ ಸಲ 40ರಿಂದ 45 ದಿನಗಳ ಬಳಿಕ. ಇದರಲ್ಲಿ ಯಾವುದೂ ನನ್ನ ಶೋಧವಲ್ಲ. ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇಂಥ ಮಾಹಿತಿಯನ್ನು ಕೊಡುತ್ತಲೇ ಇದೆ, ಹಿರಿಯರಿಗೆ ಬಾಯಿಪಾಠವೂ ಇದೆ. ಆದರೆ ದುಬೈಯಿಂದ ತೋಟ ನೋಡಿಕೊಳ್ಳುವ ಮಗ ಮನೆಯ ಕೆಲಸದವರಿಗೆ ಹೇಳಬೇಕಾದದ್ದು, ಹೇಳಬೇಕಾದ ವಾರದಲ್ಲಿ, ಒಂದೇ ಕಡೆ, ಕನ್ನಡದಲ್ಲಿ ಸಿಕ್ಕಿತು. ಅವನು ಅದನ್ನು ಮನೆಯ ಗುಂಪಿಗೆ ಕಳುಹಿಸಿದ, ಅಲ್ಲಿಂದ ಅತ್ತಿಗೆಯ ಮನೆಯ ಗುಂಪಿಗೆ ಹೋಯಿತು. ಪತ್ರದ ಕೊನೆಯಲ್ಲಿ “ಇದು ನಿಮಗೆ ಬೇರೆಯವರಿಂದ ಬಂದಿದ್ದರೆ, ನೇರವಾಗಿ ಪಡೆಯಲು ಇಲ್ಲಿ ಒತ್ತಿ” ಎಂಬ ಒಂದು ಸಾಲಿತ್ತು. ಆ ವಾರ ಸೇರಿದಷ್ಟು ಜನ ಅದಕ್ಕೆ ಮೊದಲಿನ ಮೂರು ತಿಂಗಳಲ್ಲಿ ಸೇರಿರಲಿಲ್ಲ.

ಆದ್ದರಿಂದ ಬರೆಯಲು ಕೂರುವ ಮೊದಲು ಒಂದು ಕ್ಯಾಲೆಂಡರ್ ತೆಗೆದುಕೊಂಡು ನಿಮ್ಮ ಓದುಗರ ವರ್ಷವನ್ನು ಗುರುತು ಹಾಕಿ. ಗಡಿಯಲ್ಲಿ ಇದಕ್ಕೆ ಎರಡು ಕ್ಯಾಲೆಂಡರ್ ಬೇಕಾಗುತ್ತದೆ. ಇಲ್ಲಿನ ಮಕ್ಕಳಿಗೆ ಓಣಂ ರಜೆ, ಪುತ್ತೂರಿನ ಅಣ್ಣನ ಮಕ್ಕಳಿಗೆ ದಸರಾ ರಜೆ; ಅಜ್ಜನ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಸೇರುವುದೇ ಕಷ್ಟ. ಇದನ್ನು ತಿಳಿಯದೆ “ರಜೆಯಲ್ಲಿ ಮಕ್ಕಳೊಂದಿಗೆ ಹಪ್ಪಳ” ಎಂದು ಬರೆದು ನಾನು ಅರ್ಧ ಓದುಗರನ್ನು ನಗಿಸಿದ್ದೇನೆ.

ಒಂದು ಪತ್ರದಲ್ಲಿ ಒಂದೇ ಕೆಲಸ. ವಿಷಯದ ಸಾಲಿನ ಮೊದಲ ಮೂರು ನಾಲ್ಕು ಪದಗಳಲ್ಲೇ ಅದು ತಿಳಿಯಬೇಕು. ಮೊಬೈಲಿನ ಪರದೆಯಲ್ಲಿ ಅಷ್ಟೇ ಕಾಣುವುದು. “ವಾರದ ಪತ್ರ, ಸಂಚಿಕೆ 14” ಎಂದು ಬರೆದರೆ ತೆರೆಯುವವರು ನಿಮ್ಮ ತಾಯಿ ಮಾತ್ರ. “ಮಳೆಗೆ ಮುಂಚೆ ಸುಣ್ಣ ಪರೀಕ್ಷಿಸಿ” ಎಂದರೆ ತೋಟ ಇರುವವರು ತೆರೆಯುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಎರಡು ಕಷ್ಟಗಳಿವೆ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇವು ಸಿಗುವುದಿಲ್ಲ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಬರಹವನ್ನು ಹಾಗೆಯೇ ಅಂಟಿಸಿದರೆ ಓದುಗರಿಗೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಮೊಬೈಲುಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿದ ಮೇಲೆ ಕಳುಹಿಸಿ. ಎರಡನೆಯದು ಗಾತ್ರ. ಕಂಪ್ಯೂಟರ್ ಅಕ್ಷರಗಳನ್ನು ಸಂಗ್ರಹಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. “ಸ್ತ್ರೀ” ಕಣ್ಣಿಗೆ ಒಂದು ಅಕ್ಷರ, ಒಳಗೆ ಆರು ಚಿಹ್ನೆ, 18 ಬೈಟ್. ಜಿಮೇಲ್ ಸುಮಾರು 102 ಕಿಲೋಬೈಟ್ ದಾಟಿದ ಪತ್ರವನ್ನು ಅಲ್ಲಿಗೇ ಕತ್ತರಿಸಿ ತೋರಿಸುತ್ತದೆ. ವರ್ಡ್ ಕಡತದಿಂದ ಅಲಂಕಾರಗಳ ಸಮೇತ ಅಂಟಿಸಿದ ಉದ್ದದ ಕನ್ನಡ ಪತ್ರ ಈ ಮಿತಿಯನ್ನು ಬೇಗ ಮುಟ್ಟುತ್ತದೆ. ಕೊನೆಯಲ್ಲಿರುವ ನಿಮ್ಮ ಹಪ್ಪಳದ ಮಾತು ಕತ್ತರಿಯ ಆಚೆ ಉಳಿಯುತ್ತದೆ. ಬರೀ ಪಠ್ಯವಾಗಿ ಅಂಟಿಸಿ, ಚಿತ್ರ ಒಂದೆರಡು ಸಾಕು.

ಐದನೆಯ ಹೆಜ್ಜೆ: ಓದುಗರೇ ಬರೆಯಲಿ

1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ಮಾಡಿ ನೋಡಿದವರೇ ಬರೆದರು, ಅದನ್ನು ನಂಬಿ ಇನ್ನೊಬ್ಬರು ಮಾಡಿದರು. ಅಂತರಜಾಲ ಬರುವುದಕ್ಕೆ ಎಷ್ಟೋ ಮುಂಚಿನ ಈ ಉಪಾಯಕ್ಕಿಂತ ಒಳ್ಳೆಯದನ್ನು ನಾನು ಇನ್ನೂ ಕಂಡಿಲ್ಲ. ಪತ್ರದ ಕೊನೆಗೆ ಒಂದು ಪ್ರಶ್ನೆ ಕೇಳಿ; ಉತ್ತರಿಸಲು ಸುಲಭವಾದದ್ದು, ಅವರವರ ತೋಟದ್ದೇ ಆದದ್ದು. “ನಿಮ್ಮಲ್ಲಿ ಹಂದಿಯ ಕಾಟಕ್ಕೆ ಏನು ಮಾಡಿದ್ದೀರಿ?” ಎಂದು ಕೇಳಿದ ವಾರ ಬಂದ ಉತ್ತರಗಳಿಂದ ಮುಂದಿನ ಎರಡು ಪತ್ರ ತುಂಬಿತು. ಬರೆದವರ ಒಪ್ಪಿಗೆ ಪಡೆದು ಅವರ ಊರಿನ ಹೆಸರು ಹಾಕಿದೆ. ಮುಳ್ಳೇರಿಯದವರ ಮಾತು ಅಚ್ಚಾದರೆ ಮುಳ್ಳೇರಿಯದಲ್ಲಿ ಹತ್ತು ಮಂದಿ ಓದುತ್ತಾರೆ, ನೀರ್ಚಾಲಿನವರು ನಮ್ಮದೇಕಿಲ್ಲ ಎನ್ನುತ್ತಾರೆ.

ಬಂದ ಪ್ರತಿ ಉತ್ತರಕ್ಕೂ ಮರು ಉತ್ತರ ಬರೆಯಿರಿ. ಸಾವಿರ ಓದುಗರಾಗುವವರೆಗೂ ಇದು ಸಾಧ್ಯ.

ಯೂಟ್ಯೂಬ್ ಬೇಕೇ ಎಂದು ಕೇಳುವವರಿದ್ದಾರೆ. ಬೇಕು, ಆದರೆ ಊಟಕ್ಕೆ ಕರೆಯುವ ಓಲೆಯಾಗಿ ಮಾತ್ರ. ಚಾಕುವನ್ನು ದ್ರಾವಣಕ್ಕೆ ಅದ್ದಿ ತೋರಿಸುವ ಒಂದು ನಿಮಿಷದ ವಿಡಿಯೊ ಮಾಡಿ, ಕೆಳಗೆ ಪತ್ರದ ಕೊಂಡಿ ಹಾಕಿ. ನಿತ್ಯ ವಿಡಿಯೊ ಮಾಡಲು ಹೊರಟರೆ ತೋಟವೂ ಇಲ್ಲ, ಪತ್ರವೂ ಇಲ್ಲ.

ತಾಂತ್ರಿಕ ಭಾಗವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಸ್ವಂತ ಡೊಮೇನ್ ಹೆಸರು (ಅಂತರಜಾಲದ ವಿಳಾಸ) ಕೊಳ್ಳಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಅದರಲ್ಲಿ ಸೇರಿಸಿ. ಪತ್ರ ನಿಮ್ಮಿಂದಲೇ ಬಂದದ್ದು ಎಂಬುದಕ್ಕೆ ಇವು ಅಂಚೆಯ ಮೊಹರು ಇದ್ದಂತೆ. 2024ರ ಫೆಬ್ರವರಿಯಿಂದ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್‌ಗೆ ಕಳುಹಿಸುವವರಿಗೆ ಈ ಮೂರೂ ಕಡ್ಡಾಯ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ಅವಕಾಶವೂ ಕಡ್ಡಾಯ. ನಮ್ಮಂಥ ಸಣ್ಣವರೂ ಮೊದಲೇ ಮಾಡಿಟ್ಟರೆ ಒಳಿತು.

ಆರನೆಯ ಹೆಜ್ಜೆ: ದುಡ್ಡು

ಒಂದು ವರ್ಷ, ಮೆಚ್ಚುಗೆಗಳನ್ನು ನಂಬಿ ಮುನ್ನೂರು ಕಟ್ಟು ಬಾಳೆಕಾಯಿ ಹಪ್ಪಳ ಮಾಡಿಸಿದೆ. ಚಿತ್ರಕ್ಕೆ ಹೃದಯ ಒತ್ತಿದವರು ಬಹಳ, ಕೊಂಡವರು ಕೆಲವರು. ಮಳೆ ಶುರುವಾಯಿತು, ಹಪ್ಪಳ ಮೆತ್ತಗಾಯಿತು, ಮಳೆಗಾಲದ ಆಟಿ ತಿಂಗಳಿಡೀ ನಾವೇ ಕರಿದು ತಿಂದೆವು. ಈಗ ಮರದಲ್ಲಿ ಹಲಸು ಬಲಿಯುವ ಮೊದಲೇ ಪತ್ರದಲ್ಲಿ ಕೇಳುತ್ತೇನೆ: ಈ ಸಲ ಎಷ್ಟು ಕಟ್ಟು ಬೇಕು, ಖಾರ ಬೇಕೇ ಬೇಡವೇ. ಮುಂಗಡ ಯುಪಿಐಯಲ್ಲಿ ಬಂದ ಮೇಲೆಯೇ ಹಲಸು ಕೊಯ್ಯುವುದು. ಯಾವ ಉದ್ಯಮವಾದರೂ ಇದೇ ಕ್ರಮ: ಮಾಡುವ ಮೊದಲು ಮಾರಿ ನೋಡಿ, ಮಾರುವುದಕ್ಕೆ ಪಟ್ಟಿ ಬೇಕು.

ಗಡಿಯವರು ಗಮನಿಸಬೇಕಾದ ಒಂದು ಲೆಕ್ಕವಿದೆ. ತಲಪಾಡಿ ದಾಟಿದರೆ ಅದು ಅಂತರರಾಜ್ಯ ಮಾರಾಟ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ವಹಿವಾಟು ಎಷ್ಟೇ ಸಣ್ಣದಾದರೂ, ಕರಕುಶಲ ವಸ್ತುಗಳಂಥ ಕೆಲವು ವಿನಾಯಿತಿ ಬಿಟ್ಟರೆ, ಜಿಎಸ್‌ಟಿ ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆ ಶೂನ್ಯ. ಅದನ್ನು ಮಾತ್ರ ಮಾರುವವರಿಗೆ ಈ ತಲೆನೋವಿಲ್ಲ. ನಾನು ಶರಬತ್ತಿನ ಬಾಟಲಿಯನ್ನು ಪುತ್ತೂರಿಗೆ ಕಳುಹಿಸಲು ಹೊರಟ ದಿನ ಲೆಕ್ಕಪತ್ರ ನೋಡುವ ಸ್ನೇಹಿತ ತಡೆದ: “ಅಣ್ಣ, ಮೊದಲ ಬಾಟಲಿಗೇ ನಂಬರ್ ಬೇಕು.” ಗಡಿಯಾಚೆಯ ನೆಂಟರ ಊರು ಬೇರೆ ರಾಜ್ಯ ಎಂಬುದು ನಮಗೆ ನೆನಪಾಗುವುದು ಇಂಥ ಹೊತ್ತಿನಲ್ಲೇ. ತಿನ್ನುವ ವಸ್ತುವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೂ ಇರಲಿ.

ಪತ್ರಕ್ಕೇ ಚಂದಾ ಕೇಳುವುದು ಇನ್ನೊಂದು ದಾರಿ. ಇಂಥ ಪತ್ರಗಳನ್ನು ಕಳುಹಿಸುವ ಸಬ್‌ಸ್ಟ್ಯಾಕ್ ಸೇವೆ ಚಂದಾ ಹಣದಲ್ಲಿ ಶೇಕಡಾ 10 ಇಟ್ಟುಕೊಳ್ಳುತ್ತದೆ, ಹಣ ಪಡೆಯಲು ಸ್ಟ್ರೈಪ್ ಎಂಬ ಪಾವತಿ ಸಂಸ್ಥೆಯ ಖಾತೆ ಬೇಕು. ಭಾರತದಲ್ಲಿ ಹೊಸಬರಿಗೆ ಅದು ಸುಲಭವಾಗಿ ಸಿಗುವಂಥದಲ್ಲ. ವರ್ಷಕ್ಕೊಮ್ಮೆ ಯುಪಿಐಯಲ್ಲಿ ಚಂದಾ ಪಡೆದು ಹೆಸರಿನ ಮುಂದೆ ಗುರುತು ಹಾಕುವ ಹಳೆಯ ಪದ್ಧತಿಯೇ ನಮಗೆ ಹೊಂದುತ್ತದೆ. ನನ್ನ ಅಭಿಪ್ರಾಯದಲ್ಲಿ ಐನೂರು ಓದುಗರಾಗುವ ಮೊದಲು ಚಂದಾ ಕೇಳಬಾರದು.

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಂಬಿ ಕೂರಬೇಡಿ. 2021ರಿಂದ ಆ್ಯಪಲ್‌ನ ಮೇಲ್ ಆ್ಯಪ್, ಓದುಗ ತೆರೆಯದಿದ್ದರೂ ತೆರೆದಂತೆ ತೋರಿಸುತ್ತದೆ. ದುಬೈ, ಬೆಂಗಳೂರುಗಳಲ್ಲಿ ಐಫೋನ್ ಹಿಡಿದವರು ಹೆಚ್ಚು. ಬಂದ ಉತ್ತರ, ಬಂದ ಮುಂಗಡ, ಹೊರಹೋದವರು: ಈ ಮೂರನ್ನು ಪುಸ್ತಕದಲ್ಲಿ ಬರೆದಿಡಿ.

ಕಳುಹಿಸುವ ಹೊತ್ತಿನ ಬಗ್ಗೆ ಕೊನೆಯದಾಗಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ. ಯುಎಇಯಲ್ಲಿ 2022ರಿಂದ ಶನಿವಾರ–ಭಾನುವಾರ ರಜೆ, ಸೌದಿಯಲ್ಲಿ ಶುಕ್ರವಾರ–ಶನಿವಾರ. ಶನಿವಾರ ಇಬ್ಬರಿಗೂ ಬಿಡುವು, ಅದಕ್ಕೇ ನಾನು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟಿದ್ದೇನೆ. ಆದರೆ ಜೂನ್ ಬಂತೆಂದರೆ ಶುಕ್ರವಾರ ರಾತ್ರಿಗೆ ಬಿಡಬೇಡಿ. ಗಾಳಿಗೆ ಒಂದು ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಕರೆಂಟ್ ಬರುವುದು ಭಾನುವಾರ. ಗುರುವಾರವೇ ಪತ್ರ ಮುಗಿಸಿ, ಹೊರಡುವ ಸಮಯವನ್ನು ಇಮೇಲ್ ಸೇವೆಯಲ್ಲೇ ಗೊತ್ತುಮಾಡಿ, ಪಟ್ಟಿಯ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಇಳಿಸಿ ಮಲಗಿ.